ಜಾಲಿಗೆ ಅಡಿಟಿಪ್ಪಣಿ, ಜಾಲಂಧ್ರಕ್ಕೇಕಿಲ್ಲ?

ಬೇಲೂರಿನ ಚೆನ್ನಕೇಶವ ದೇವಾಲಯದ ಒಳಗೆ ನಿಂತರೆ ಬೆಳಕು ನೇರವಾಗಿ ಮೈಮೇಲೆ ಬೀಳುವುದಿಲ್ಲ. ಹೊರಗಿನ ಕಂಬಗಳ ನಡುವೆ ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ, ಅವುಗಳಲ್ಲಿ ತೂತುಗಳನ್ನು ಕೊರೆದಿದ್ದಾರೆ. ಬಿಸಿಲು ಆ ತೂತುಗಳಲ್ಲಿ ಸೋಸಿಕೊಂಡು ಒಳಗೆ ಬರುತ್ತದೆ. ನಮ್ಮ ಕಲಾ ಇತಿಹಾಸದ ಪುಸ್ತಕಗಳು ಇದಕ್ಕೆ ಕೊಟ್ಟ ಹೆಸರು ಜಾಲಂಧ್ರ. ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಬಂದು ಗಂಜಾಂನ ಗುಂಬಜ್ ನೋಡಿ. ಟಿಪ್ಪು ಸುಲ್ತಾನ್ ತನ್ನ ತಂದೆ ಹೈದರಲಿಗಾಗಿ 1782ರಿಂದ 84ರ ನಡುವೆ ಕಟ್ಟಿಸಿದ ಗೋರಿಯದು. 1799ರಲ್ಲಿ ಅವನನ್ನೂ ಅಲ್ಲಿಯೇ ಮಣ್ಣು ಮಾಡಿದರು. ಸುತ್ತಲಿನ ನುಣುಪಾದ ಕರಿಕಲ್ಲಿನ ಕಂಬಗಳನ್ನು ದಾಟಿ ಗೋಡೆಯ ಹತ್ತಿರ ಹೋದರೆ ಅಲ್ಲಿಯ ಕಿಟಕಿಗೂ ಕೊರೆದ ಕಲ್ಲು. ಕೆಲಸ ಅದೇ, ಬೆಳಕನ್ನು ಸೋಸುವುದು. ಆದರೆ ಇಲ್ಲಿ ಅದರ ಹೆಸರು ಜಾಲಿ.

ಎರಡು ಊರುಗಳ ನಡುವೆ ನೂರೈವತ್ತು ಕಿಲೋಮೀಟರ್ ಕೂಡ ಇಲ್ಲ. ಇಷ್ಟು ದಾರಿಯಲ್ಲಿ ಕಿಟಕಿಯ ಒಂದು ಭಾಗ ಧರ್ಮ ಬದಲಾಯಿಸಿಕೊಂಡಿತೇ? ಈ ಪ್ರಶ್ನೆಯನ್ನು ತಮಾಷೆಗೆ ಕೇಳುತ್ತಿಲ್ಲ. ಕಥೆ ಬರೆಯುವವಳಾದ ನನಗೆ ಇದು ದಿನನಿತ್ಯದ ಪ್ರಶ್ನೆ. ಯಾವ ಪದ ಕನ್ನಡದ್ದು, ಯಾವುದು ಹೊರಗಿನದು ಎಂದು ತೀರ್ಮಾನಿಸುವವರು ಯಾರು, ಯಾವ ಆಧಾರದ ಮೇಲೆ?

ಕೆಲವು ವರ್ಷಗಳ ಹಿಂದೆ ನನ್ನದೊಂದು ಕಥೆ ಒಂದು ಸಂಕಲನಕ್ಕೆ ಆಯ್ಕೆಯಾಯಿತು. ಮಂಡಿ ಮೊಹಲ್ಲಾದ ಹಳೆಯ ಮನೆಯೊಂದರಲ್ಲಿ ನಡೆಯುವ ಕಥೆ ಅದು. ನಾನಿಯೊಬ್ಬಳು ಮೊಮ್ಮಗಳಿಗೆ, 'ಜಾಲಿಗೆ ಅಡ್ಡ ನಿಲ್ಬೇಡ ಬೇಟಿ, ಗಾಳಿ ಬರ್ಲಿ' ಎನ್ನುತ್ತಾಳೆ. ಪುಸ್ತಕ ಕೈಗೆ ಬಂದಾಗ ನೋಡಿದರೆ 'ಜಾಲಿ' ಎಂಬ ಪದದ ಮೇಲೆ ಒಂದು ಚುಕ್ಕಿ, ಪುಟದ ಕೆಳಗೆ ಅದಕ್ಕೊಂದು ಅಡಿಟಿಪ್ಪಣಿ: 'ಜಾಲಂಧ್ರ'. ತಾಖ್, ರೋಷನ್‌ದಾನ್, ದಸ್ತರ್‌ಖಾನ್‌ಗಳಿಗೂ ಅದೇ ಉಪಚಾರ. ಅದೇ ಸಂಕಲನದ ಇನ್ನೊಂದು ಕಥೆಯಲ್ಲಿ ನಾಯಕಿ 'ವಾತಾಯನ'ದ ಬಳಿ ಕುಳಿತು 'ಗವಾಕ್ಷ'ದ ಕಡೆ ನೋಡುತ್ತಾಳೆ. ಅಲ್ಲಿ ಚುಕ್ಕಿಯೂ ಇಲ್ಲ, ಟಿಪ್ಪಣಿಯೂ ಇಲ್ಲ. ನನಗೆ ಆ ಸಂಪಾದಕರ ಮೇಲೆ ಕೋಪವಿಲ್ಲ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾರೆ. ಆದರೆ ಹತ್ತು ಜನ ಓದುಗರನ್ನು ನಿಲ್ಲಿಸಿ ಕೇಳಿದರೆ ಜಾಲಿ ಎಷ್ಟು ಜನಕ್ಕೆ ಗೊತ್ತು, ಜಾಲಂಧ್ರ ಎಷ್ಟು ಜನಕ್ಕೆ ಗೊತ್ತು? ಗೊತ್ತಿರುವ ಪದಕ್ಕೆ ಗೊತ್ತಿಲ್ಲದ ಪದದಿಂದ ಅರ್ಥ ಹೇಳುವ ಈ ವಿಚಿತ್ರ ಸಂಪ್ರದಾಯ ನಮ್ಮಲ್ಲಿ ಎಲ್ಲಿಂದ ಬಂತು?

ನಾನಿರುವ ಕಡಕೊಳದಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ಮೈಸೂರಿನಿಂದ ನಂಜನಗೂಡಿನ ಕಡೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಊರಿದು. ಒಂದು ಕಡೆ ರೈಲು ನಿಲ್ದಾಣ, ಇನ್ನೊಂದು ಕಡೆ ಕಾರ್ಖಾನೆಗಳು, ಕಂಟೇನರುಗಳನ್ನು ಪೇರಿಸಿಟ್ಟ ವಿಶಾಲ ಅಂಗಳ. ಹಳ್ಳಿಯಾಗಿದ್ದದ್ದು 2020ರ ಕೊನೆಯಲ್ಲಿ ಪಟ್ಟಣ ಪಂಚಾಯಿತಿಯಾಯಿತು, ಈಗ ಮೈಸೂರಿನ ಅಂಚು. ಎಲ್ಲಿ ನೋಡಿದರೂ ಕಟ್ಟಡ ಏಳುತ್ತಿದೆ. ಇಂಥ ರಸ್ತೆಗಳ ಬದಿಯಲ್ಲಿ ಸಿಮೆಂಟಿನ ಸಾಮಾನು ಎರಕ ಹೊಯ್ಯುವವರು ಇದ್ದೇ ಇರುತ್ತಾರೆ. ಬಾವಿಯ ರಿಂಗು, ಬೇಲಿಯ ಕಂಬ, ಅದರ ಪಕ್ಕದಲ್ಲಿ ಹೂವಿನ ಆಕಾರದ, ವಜ್ರದ ಆಕಾರದ ತೂತುಗಳಿರುವ ಚೌಕ ಚೌಕ ಸಿಮೆಂಟು ತುಂಡುಗಳು. ಮಹಡಿ ಮೆಟ್ಟಿಲಿನ ಗೋಡೆಗೆ, ಬಚ್ಚಲಿಗೆ, ಶಾಲೆಯ ವರಾಂಡಕ್ಕೆ ಇವನ್ನೇ ಕೂರಿಸುವುದು. ಅವುಗಳನ್ನು ಕೊಳ್ಳಲು ಬರುವ ಗೌಡರೂ ಶೆಟ್ಟರೂ ಸಾಬರೂ ಕೇಳುವುದು 'ಸಿಮೆಂಟ್ ಜಾಲಿ' ಎಂದೇ. ಅಲ್ಲಿ ಹೋಗಿ 'ಎರಡು ಡಜನ್ ಜಾಲಂಧ್ರ ಕೊಡಿ' ಎಂದು ಕೇಳಿ ನೋಡಿ. ನಿಮ್ಮನ್ನು ಮುಂದಿನ ಅಂಗಡಿಗೆ ಕಳಿಸುತ್ತಾರೆ.

(ಹಳೆ ಮೈಸೂರಿನ ರೈತನಿಗೆ ಜಾಲಿ ಎಂದರೆ ಮೊದಲು ನೆನಪಾಗುವುದು ಮುಳ್ಳಿನ ಮರ. ಕಾಲೇಜು ಹುಡುಗರಿಗೆ ಜಾಲಿ ಎಂದರೆ ಮೋಜು. ಮೂರು ಜಾಲಿಗಳನ್ನೂ ಇಟ್ಟುಕೊಂಡು ಕನ್ನಡ ಯಾವ ಗೊಂದಲವೂ ಇಲ್ಲದೆ ನಡೆಯುತ್ತಿದೆ. ಗೊಂದಲವಾಗಿರುವುದು ಅಡಿಟಿಪ್ಪಣಿ ಬರೆಯುವವರಿಗೆ ಮಾತ್ರ.)

ಇನ್ನು ಪದಗಳ ಬೇರನ್ನು ಹಿಡಿದು ನೋಡಿದರೆ ಜಗಳಕ್ಕೆ ಜಾಗವೇ ಇಲ್ಲ. ಜಾಲ ಎಂದರೆ ಬಲೆ. ಜಾಲವೂ ರಂಧ್ರವೂ ಸೇರಿ, ಬಾಯಲ್ಲಿ ಸವೆದು ಜಾಲಂಧ್ರವಾಯಿತು ಎನ್ನುವ ವಿವರಣೆ ಒಪ್ಪುವಂತಿದೆ. ಅದೇ ಸಂಸ್ಕೃತದ ಜಾಲ ಉತ್ತರದ ಆಡುನುಡಿಗಳಲ್ಲಿ ಜಾಲಿಯಾಯಿತು. ಉರ್ದು ಅದನ್ನು ಅರಬ್ಬಿಯಿಂದಲೋ ಪಾರಸಿಯಿಂದಲೋ ತರಲಿಲ್ಲ, ಇಲ್ಲಿಯ ಮಣ್ಣಿನಿಂದಲೇ ಎತ್ತಿಕೊಂಡಿತು. ಅಂದರೆ ಒಬ್ಬಳೇ ತಾಯಿಯ ಇಬ್ಬರು ಮಕ್ಕಳು. ಒಬ್ಬನು ಪಂಡಿತರ ಮನೆಯಲ್ಲಿ ಬೆಳೆದು ಪುಸ್ತಕ ಸೇರಿದ, ಇನ್ನೊಬ್ಬನು ಗಾರೆ ಕೆಲಸದವರ ಜೊತೆ ಊರೂರು ತಿರುಗಿದ. ತಿರುಗಿ ಬಂದವನಿಗೆ ಮನೆಯಲ್ಲಿ 'ನೀನು ಯಾರ ಪೈಕಿ?' ಎಂದು ಕೇಳುತ್ತಿದ್ದಾರೆ.

ಹಾಗೆ ನೋಡಿದರೆ ನಾವು ಅಚ್ಚ ಕನ್ನಡವೆಂದು ತಿಳಿದಿರುವ 'ಕಿಟಕಿ'ಯೇ ಅತಿಥಿ. ಉರ್ದುವಿನ ಖಿಡ್ಕಿ, ಮರಾಠಿಯ ಖಿಡಕಿ, ನಮ್ಮ ಕಿಟಕಿ ಒಂದೇ ಬಳಗ. ಉತ್ತರ ಕರ್ನಾಟಕದವರು ಈಗಲೂ ಕಿಡಕಿ ಎಂದೇ ಹೇಳುತ್ತಾರೆ. ನೆರೆಯ ತಮಿಳರು ಜನ್ನಲ್ ಎಂದೂ ಮಲಯಾಳಿಗಳು ಜನಲ್ ಎಂದೂ ಕರೆಯುವುದು ಪೋರ್ಚುಗೀಸರ ಜನೆಲಾ. ಕಿಟಕಿಯ ಮೇಲೆ ಮಳೆ ಬೀಳದಂತೆ ಚಾಚಿದ ಸಜ್ಜ ಉತ್ತರದ ಛಜ್ಜಾ. ಅದರ ಕಮಾನು ಪಾರಸಿಯವರ ಬಿಲ್ಲು. ಪರದೆಯೂ ಪಾರಸಿಯದೇ. ಒಂದು ಸಾಧಾರಣ ಕಿಟಕಿಯಲ್ಲಿ ಅಚ್ಚಗನ್ನಡದವೆಂದು ಬೆರಳು ಮಡಚಬಹುದಾದ ಪದಗಳನ್ನು ಹುಡುಕುತ್ತಾ ಹೋದರೆ ಉಳಿಯುವುದು ಸರಳು, ಗೂಟ, ಕಿಂಡಿಯಂಥ ಕೆಲವು. ಆ ಕಿಂಡಿಗೂ ನಮ್ಮಲ್ಲಿ ದೊಡ್ಡ ಗೌರವವಿದೆ. ಉಡುಪಿಯಲ್ಲಿ ಒಳಗೆ ಬಿಡದೆ ಹೊರಗೆ ನಿಲ್ಲಿಸಿದ ಭಕ್ತನ ಹೆಸರನ್ನು ಹೊತ್ತಿರುವುದು ಅದೇ.

ಇದು ಕನ್ನಡದ ಬಡತನವಲ್ಲ, ಲೋಕದ ರೀತಿಯೇ ಹಾಗೆ. ಪಟ್ಟಿ ಪಟ್ಟಿಯಾಗಿ ಮರದ ಹಲಗೆಗಳನ್ನು ಓರೆಯಾಗಿ ಜೋಡಿಸಿದ ಕಿಟಕಿಯ ಕದವನ್ನು ಇಂಗ್ಲಿಷರು ವೆನಿಸ್ ನಗರದ ಹೆಸರಿನಿಂದ ವೆನೀಷಿಯನ್ ಎಂದು ಕರೆದರು. ಇಟಲಿಯವರನ್ನು ಕೇಳಿದರೆ ಅದು ಪೆರ್ಸಿಯಾನೆ, ಅಂದರೆ ಪರ್ಷಿಯಾದ್ದು. ಇಂಡಿಯಾಕ್ಕೆ ಬಂದ ಬಿಳಿಯರು ಅದನ್ನೇ ಇಲ್ಲಿಯವರ ಬಾಯಿಂದ ಕಲಿತು 'ಜಿಲ್‌ಮಿಲ್' ಎಂದರು. 1886ರಲ್ಲಿ ಅಚ್ಚಾದ 'ಹಾಬ್ಸನ್-ಜಾಬ್ಸನ್' ನಿಘಂಟಿನಲ್ಲಿ ಈ ಪದ ಸೇರಿದೆ. ಎಲ್ಲರೂ ತಮ್ಮ ಮನೆಯ ಕಿಟಕಿಗೆ ಪಕ್ಕದ ಮನೆಯವರ ಹೆಸರಿಟ್ಟಿದ್ದಾರೆ. ಕಿಟಕಿಯ ಕೆಲಸವೇ ಪಕ್ಕದ ಮನೆಯನ್ನು ನೋಡುವುದು ತಾನೇ.

ಉರ್ದು ಮತ್ತು ಕನ್ನಡ ಎರಡೂ ಶಾಲೆಗಳಲ್ಲಿ ಕಲಿತದ್ದರಿಂದ ಒಂದು ಲಾಭವಾಗಿದೆ. ಒಂದೇ ವಸ್ತುವನ್ನು ಎರಡು ಭಾಷೆಗಳು ಹೇಗೆ ಬೇರೆ ಬೇರೆಯಾಗಿ ಕಂಡವು ಎಂಬುದು ತಟ್ಟನೆ ಹೊಳೆಯುತ್ತದೆ. ಗೋಡೆಯ ಮೇಲ್ಭಾಗದಲ್ಲಿ ಬೆಳಕಿಗೆಂದು ಬಿಟ್ಟ ಪುಟ್ಟ ತೆರಪು ಕನ್ನಡದಲ್ಲಿ ಬೆಳಕಿಂಡಿ, ಬೆಳಕು ಬರುವ ಕಿಂಡಿ. ಉರ್ದುವಿನಲ್ಲಿ ರೋಷನ್‌ದಾನ್. ಪಾನ್‌ದಾನ್, ಇತ್ರ್‌ದಾನ್ ಎಂಬಲ್ಲಿರುವ 'ದಾನ್' ಇದು. ಅಂದರೆ ಬೆಳಕನ್ನು ತುಂಬಿಡುವ ಪಾತ್ರೆ. ಒಂದು ಭಾಷೆಗೆ ಬೆಳಕು ನುಸುಳಿ ಬರುವಂಥದ್ದು, ಇನ್ನೊಂದಕ್ಕೆ ತೆಗೆದಿಡುವಂಥದ್ದು. ಒಬ್ಬ ಕಥೆಗಾರ್ತಿಗೆ ಈ ಎರಡೂ ಬೇಕು. ಎರಡನೆಯದನ್ನು ಪುಟದ ಕೆಳಕ್ಕೆ ತಳ್ಳಿ 'ಬೆಳಕಿಂಡಿ' ಎಂದು ಅರ್ಥ ಬರೆದರೆ ಪಾತ್ರೆ ಒಡೆದು ಹೋಗುತ್ತದೆ. ಈಗಂತೂ ಎರಡನ್ನೂ ಓಡಿಸಿ ವೆಂಟಿಲೇಟರ್ ಬಂದು ಕೂತಿದೆ. 2020ರ ಕೊರೋನಾ ಕಾಲದ ನಂತರ ಆ ಪದ ಕೇಳಿದರೆ ಎದೆ ನಡುಗುತ್ತದೆಯೇ ಹೊರತು ಗಾಳಿ ಬರುವುದಿಲ್ಲ.

ಜಾಲಂಧ್ರ ಹಿಂದೂಗಳದ್ದು, ಜಾಲಿ ಮುಸ್ಲಿಮರದ್ದು ಎಂಬ ಹಂಚಿಕೆಯನ್ನು ಕಟ್ಟಡಗಳೇ ಒಪ್ಪುವುದಿಲ್ಲ. ಐಹೊಳೆಗೆ ಹೋಗಿ. ಚಾಲುಕ್ಯರ ಕಾಲದ, ಕಲ್ಲಿನ ಜಾಲಂಧ್ರಗಳನ್ನು ಗೋಡೆಯಲ್ಲಿ ಕೂರಿಸಿದ ಒಂದು ಹಳೆಯ ದೇವಾಲಯ ಅಲ್ಲಿದೆ. ಅದರ ಹೆಸರು ಲಾಡ್ ಖಾನ್ ಗುಡಿ! ಲಾಡ್ ಖಾನ್ ಎಂಬ ಮುಸ್ಲಿಮನೊಬ್ಬ ಕೆಲವು ಕಾಲ ಅದರಲ್ಲಿ ವಾಸವಾಗಿದ್ದ, ಜನ ಅವನ ಹೆಸರಿನಲ್ಲೇ ಗುಡಿಯನ್ನು ಗುರುತಿಸಿದರು. ಆ ಕಿಟಕಿಯ ಒಳಗಿನಿಂದ ಬೆಳಗಿನ ಬಿಸಿಲನ್ನು ನೋಡುತ್ತಿದ್ದ ಲಾಡ್ ಖಾನ್ ಅದನ್ನು ಏನೆಂದು ಕರೆಯುತ್ತಿದ್ದನೋ! ಅಲ್ಲಿಂದ ಹತ್ತಿರದಲ್ಲೇ ಪಟ್ಟದಕಲ್ಲು. ಎಂಟನೆಯ ಶತಮಾನದ ವಿರೂಪಾಕ್ಷ ದೇವಾಲಯದ ಗೋಡೆಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲದ ಕೊರೆದ ಕಿಟಕಿಗಳು. ದಕ್ಖನಿನಲ್ಲಿ ಸುಲ್ತಾನರ ಹೆಸರು ಕೇಳುವುದಕ್ಕೆ ಆರು ಶತಮಾನ ಮೊದಲೇ ಇವು ಇದ್ದವು.

ಹಾಗಾದರೆ ಇದು ಪೂರ್ತಿ ದೇವಾಲಯದ ಕೊಡುಗೆ, ಸುಲ್ತಾನರು ನಕಲು ಮಾಡಿದರು ಎನ್ನಬಹುದೇ? ಕೆಲವರು ಹಾಗೆ ಬರೆದು ಕೈತೊಳೆದುಕೊಳ್ಳುತ್ತಾರೆ. ಅದೂ ಸರಿಯಲ್ಲ. ಅರಬ್ ನಾಡುಗಳಲ್ಲಿ, ಇರಾನಿನಲ್ಲಿ ಬಲೆಯಂಥ ಕಿಟಕಿಯ ಸಂಪ್ರದಾಯ ತನ್ನದೇ ದಾರಿಯಲ್ಲಿ ಬೆಳೆದಿತ್ತು. ಅರಬ್ಬಿಯಲ್ಲಿ ಕಿಟಕಿಗೆ ಇರುವ ಸಾಮಾನ್ಯ ಪದಗಳಲ್ಲಿ ಒಂದು 'ಶುಬ್ಬಾಕ್'. ಅದೇ ಧಾತುವಿನಿಂದ ಬಂದ 'ಶಬಕಾ' ಎಂದರೆ ಬಲೆ. ನಮ್ಮ ಜಾಲವೂ ಅವರ ಶಬಕಾವೂ ಒಂದನ್ನೊಂದು ನೋಡದೆಯೇ ಕಿಟಕಿಯಲ್ಲಿ ಬಲೆಯನ್ನು ಕಂಡಿದ್ದವು. ದಕ್ಖನಿನಲ್ಲಿ ಇವೆರಡೂ ಮುಖಾಮುಖಿಯಾದಾಗ ಪರಿಚಯ ಮಾಡಿಸುವ ಅಗತ್ಯವೇನೂ ಬೀಳಲಿಲ್ಲ.

ಚಿತ್ರವಿದ್ದರೆ ಹಿಂದೂ, ರೇಖಾಗಣಿತವಿದ್ದರೆ ಮುಸ್ಲಿಮ್ ಎಂಬ ಇನ್ನೊಂದು ಸುಲಭ ಸೂತ್ರವೂ ಚಾಲ್ತಿಯಲ್ಲಿದೆ. ಬೇಲೂರು ಅದನ್ನೂ ಮುರಿಯುತ್ತದೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ದೇವಾಲಯದ ಮಂಟಪ ಮೊದಲು ತೆರೆದುಕೊಂಡಿತ್ತು. ಜಾಲಂಧ್ರಗಳನ್ನು ಕೂರಿಸಿದ್ದು ಆಮೇಲೆ, ಅವನ ಮೊಮ್ಮಗ ವೀರಬಲ್ಲಾಳನ ಕಾಲದಲ್ಲಿ. ಅವುಗಳಲ್ಲಿ ಕೆಲವು ಪುರಾಣದ ದೃಶ್ಯಗಳಿಂದ ತುಂಬಿವೆ, ಒಂದರಲ್ಲಿ ಅರಸನ ಆಸ್ಥಾನವೇ ಇದೆ. ಉಳಿದ ಕೆಲವುಗಳಲ್ಲಿ ನಕ್ಷತ್ರ, ಚೌಕಗಳ ಬರಿಯ ಗಣಿತ. ಒಂದು ಆಕೃತಿಯೂ ಇಲ್ಲದ ಆ ಚಪ್ಪಡಿಗಳನ್ನು ತೆಗೆದು ಯಾವುದಾದರೂ ಮಸೀದಿಯ ಗೋಡೆಗೆ ಕೂರಿಸಿದರೆ ಯಾರಿಗೂ ಅನುಮಾನ ಬರಲಾರದು. ಬೇಲೂರಿನ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಶಿಲ್ಪಿಯ ಕೈ ಅಷ್ಟು ಸೂಕ್ಷ್ಮವಾಗಿ ಆಡಿದ್ದಕ್ಕೆ ಕಾರಣ ಅವನ ಧರ್ಮಕ್ಕಿಂತ ಹೆಚ್ಚಾಗಿ ಆ ಕಲ್ಲು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ಪಟ್ಟಿಗೆ ಸೇರಿದಾಗ ಎಷ್ಟೊಂದು ಬರೆದೆವು. ಆ ಬರಹಗಳೆಲ್ಲ ಮದನಿಕೆಯರ ಮೇಲೆಯೇ ನಿಂತವು. ಮದನಿಕೆಯರ ಮೇಲೆ ಬೀಳುವ ಬೆಳಕಿನ ಬಗ್ಗೆ ನಾನು ಓದಿದ್ದು ಕಡಿಮೆ.

ಎಲ್ಲಕ್ಕಿಂತ ನನ್ನನ್ನು ಕಾಡಿರುವುದು ವಿಜಯಪುರದ ಇಬ್ರಾಹಿಂ ರೋಜಾ. ಗೋಳಗುಮ್ಮಟ ನೋಡಿ, ಪಿಸುಮಾತು ಕೇಳಿ, ಬಸ್ಸು ಹತ್ತಿ ಹೋಗುವವರಿಗೆ ಇದು ಕಾಣದೆಯೇ ಉಳಿಯುತ್ತದೆ. ಸರಸ್ವತಿಯನ್ನು ಸ್ತುತಿಸಿ ದಖನಿಯಲ್ಲಿ 'ಕಿತಾಬ್-ಎ-ನೌರಸ್' ಬರೆದ, ಜನ ಜಗದ್ಗುರು ಎಂದು ಕರೆದ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಗೋರಿ ಅದು. ಅವನು ತೀರಿಕೊಂಡದ್ದು 1627ರಲ್ಲಿ. ಕಟ್ಟಡದ ಕೆಲಸ ಮಾಡಿಸಿದವನು ಮಲಿಕ್ ಸಂದಲ್. ಅಲ್ಲಿಯ ಕಿಟಕಿಗಳಲ್ಲಿ ಹೂವಿಲ್ಲ, ನಕ್ಷತ್ರವಿಲ್ಲ. ಅರಬ್ಬಿ ಅಕ್ಷರಗಳೇ ಬಲೆ. ಅಕ್ಷರಗಳನ್ನು ಕಲ್ಲಿನಲ್ಲಿ ಉಳಿಸಿ, ಅವುಗಳ ನಡುವಿನ ಜಾಗವನ್ನು ಕೊರೆದು ತೆಗೆದಿದ್ದಾರೆ. ಬೆಳಕು ಬರುವುದು ಸಾಲುಗಳ ನಡುವಿನಿಂದ. ಇಂಥ ಕೆಲಸದಲ್ಲಿ ಒಂದು ಕಷ್ಟವಿದೆ. ಕಲ್ಲಿನ ಒಂದು ಮಗ್ಗುಲಿನಿಂದ ಓದಿಸಿಕೊಳ್ಳುವ ಅಕ್ಷರ ಇನ್ನೊಂದು ಮಗ್ಗುಲಿನಿಂದ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಲೇಬೇಕು. ಅಕ್ಷರವೊಂದು ಸ್ವಲ್ಪ ತೆಳುವಾದರೆ ಮುರಿಯುತ್ತದೆ, ದಪ್ಪವಾದರೆ ಬೆಳಕು ನಿಲ್ಲುತ್ತದೆ. ಲಿಪಿಕಾರನ ಲೇಖನಿ ಬರೆದದ್ದನ್ನು ಉಳಿ ಹಿಡಿದವನು ಭಾರ ಲೆಕ್ಕ ಹಾಕಿ ಮತ್ತೆ ಬರೆದಿದ್ದಾನೆ. ಆ ಉಳಿ ಹಿಡಿದವನು ಮನೆಯಲ್ಲಿ ಯಾವ ಭಾಷೆ ಆಡುತ್ತಿದ್ದ? ವಿಜಯಪುರದ ಕಲ್ಲುಕುಟಿಗ ಕನ್ನಡವನ್ನೋ ದಖನಿಯನ್ನೋ ಮರಾಠಿಯನ್ನೋ ಮಾತಾಡಿಕೊಂಡೇ ಅರಬ್ಬಿಯನ್ನು ಕೊರೆದಿರಬೇಕು. ಅವನ ಬಾಯಿಂದ ಈ ವಸ್ತುವಿಗೆ ಯಾವ ಪದ ಬರುತ್ತಿತ್ತೋ ಅದೇ ಅದರ ನಿಜವಾದ ಹೆಸರು.

ಇದನ್ನೆಲ್ಲ 'ಇಂಡೋ-ಸರಸೆನಿಕ್' ಎಂಬ ಒಂದೇ ಪೆಟ್ಟಿಗೆಗೆ ತುಂಬುವುದನ್ನು ನಮಗೆ ಕಲಿಸಿದವರು ಬ್ರಿಟಿಷರು. ಮೈಸೂರಿನ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ನಕ್ಷೆಯಂತೆ 1912ರ ಹೊತ್ತಿಗೆ ಎದ್ದು ನಿಂತ ಈಗಿನ ಅರಮನೆಗೂ ಅದೇ ಚೀಟಿ ಅಂಟಿಸಿದರು. ಸರಸೆನ್ ಎಂದು ತನ್ನನ್ನು ಕರೆದುಕೊಂಡ ಒಬ್ಬ ಮುಸ್ಲಿಮನನ್ನೂ ನಾನು ಮೈಸೂರಿನಲ್ಲಿ ಕಂಡಿಲ್ಲ. ಹಾಗಿದ್ದೂ ನಮ್ಮ ಕಿಟಕಿಗಳು ಇಂದಿಗೂ ಆ ಹೆಸರಿನಲ್ಲೇ ಪರಿಚಯ ಮಾಡಿಕೊಳ್ಳುತ್ತಿವೆ.

ಈವರೆಗೆ ಹೇಳಿದ್ದು ಕಲ್ಲಿನ ಮಾತು. ಆ ಕಲ್ಲಿನ ಹಿಂದೆ ನಿಂತವರ ಮಾತೂ ಇದೆ, ನಮ್ಮ ವಿಮರ್ಶೆ ಎಡವುವುದು ಹೆಚ್ಚಾಗಿ ಅಲ್ಲಿ.

ಮುಸ್ಲಿಮ್ ಲೇಖಕಿಯರ ಕಥೆಯಲ್ಲಿ ಕಿಟಕಿ ಬಂತೆಂದರೆ ವಿಮರ್ಶಕರು ಪೆನ್ನಿನ ಮುಚ್ಚಳ ತೆಗೆಯುತ್ತಾರೆ. 'ಬಂಧನದ ಸಂಕೇತ' ಎಂದು ಬರೆದು ಮುಂದೆ ಹೋಗುತ್ತಾರೆ. ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಅವರಂಥವರು ಮನೆಯೊಳಗಿನ ಅನ್ಯಾಯವನ್ನು ಕನ್ನಡದಲ್ಲಿ ಅಷ್ಟು ನೇರವಾಗಿ ಬರೆದ ಮೇಲೂ, 2025ರಲ್ಲಿ ಬಾನು ಅವರ ಕಥೆಗಳ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಬಂದ ಮೇಲೂ, ಓದುವ ಕಣ್ಣು ಹೆಚ್ಚು ಬದಲಾಗಿಲ್ಲ. ಬಂಧನ ಇಲ್ಲವೆಂದು ನಾನು ಹೇಳುತ್ತಿಲ್ಲ. ಇದೆ. ಬಾಗಿಲು ತನ್ನದಲ್ಲದಿದ್ದವಳಿಗೆ ಜಾಲಿ ಮಾತ್ರ ಸಿಕ್ಕಿತು ಎಂಬುದನ್ನು ಯಾವ ಕುಸುರಿಯೂ ಮರೆಸಲಾರದು. ಮಸೀದಿಯಲ್ಲಿ ಹೆಣ್ಣುಮಕ್ಕಳಿಗೆ ಜಾಲಿಯ ಹಿಂದಾದರೂ ಜಾಗ ಇಟ್ಟ ಹಳೆಯ ಕಟ್ಟಡಗಳಿವೆ. ಜಾಲಿಯನ್ನೂ ಜಾಗವನ್ನೂ ಎರಡನ್ನೂ ಇಡದ ಹೊಸ ಕಟ್ಟಡಗಳೂ ಇವೆ. ಅದರ ಬಗ್ಗೆ ನಾವು ನಾವೇ ಮಾತಾಡಿಕೊಳ್ಳಬೇಕು.

ಆದರೆ ಜಾಲಿಯ ಕೆಲಸವನ್ನು ಸರಿಯಾಗಿ ನೋಡಿದರೆ ಅಷ್ಟಕ್ಕೆ ಮುಗಿಯುವುದಿಲ್ಲ. ಹಗಲು ಹೊತ್ತು ಹೊರಗೆ ಬಿಸಿಲು, ಒಳಗೆ ನೆರಳು. ನೆರಳಿನಲ್ಲಿ ನಿಂತವಳಿಗೆ ಬೀದಿ ಪೂರ್ತಿ ಕಾಣುತ್ತದೆ. ಬೀದಿಯಲ್ಲಿ ನಿಂತವನಿಗೆ ಕಾಣುವುದು ಕಪ್ಪು ತೂತುಗಳು ಮಾತ್ರ. ನೋಡುವ ಅಧಿಕಾರ ಆಗ ಒಳಗಿನವಳದ್ದು. ಯಾರು ಯಾರ ಮನೆಗೆ ಹೋದರು, ಯಾವ ಹುಡುಗ ಸಂಜೆ ಎಲ್ಲಿ ನಿಂತ, ಸಾಲ ಕೇಳಲು ಬಂದವನ ಮುಖ ಹೇಗಿತ್ತು, ಎಲ್ಲವೂ ಅವಳ ಲೆಕ್ಕದಲ್ಲಿದೆ. ಅವಳ ಲೆಕ್ಕ ಬೀದಿಗೆ ಗೊತ್ತಿಲ್ಲ. ಕಥೆ ಹುಟ್ಟುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಯಾವುದಿದೆ? ರಾತ್ರಿಯಾಗಿ ಒಳಗೆ ದೀಪ ಹಚ್ಚಿದ ಕೂಡಲೇ ಎಲ್ಲ ತಲೆಕೆಳಗಾಗುತ್ತದೆ. ಈಗ ಬೀದಿಗೆ ಅವಳು ಕಾಣುತ್ತಾಳೆ, ಅವಳಿಗೆ ಬೀದಿ ಕಾಣುವುದಿಲ್ಲ. ಅದಕ್ಕೇ ಮಗ್ರಿಬ್ ಹೊತ್ತಿಗೆ ಜಾಲಿಯ ಮೇಲೆ ಬಟ್ಟೆಯ ಪರದೆ ಇಳಿಯುತ್ತಿತ್ತು. ನಮ್ಮ ಸಿನಿಮಾಗಳಲ್ಲಿ ಕೈಯಲ್ಲಿ ದೀಪ ಹಿಡಿದ ನಾಯಕಿ ಜಾಲಿಯ ಹಿಂದಿನಿಂದ ನಾಯಕನನ್ನು ಕದ್ದು ನೋಡುತ್ತಾಳೆ, ಅವನಿಗೆ ಮಾತ್ರ ಅವಳು ಕಾಣುವುದಿಲ್ಲ! ಜಾಲಿಯಿರುವ ಮನೆಯಲ್ಲಿ ಒಂದು ರಾತ್ರಿ ಕಳೆದವರು ಈ ದೃಶ್ಯ ಬರೆಯಲಾರರು. ಕೆಲವು ಕಥೆಗಳಲ್ಲೂ ಇದೇ ಕಂಡಿದ್ದೇನೆ. ಅನುಭವದಿಂದ ಬಂದ ಕಿಟಕಿ ಯಾವುದು, ಪೋಸ್ಟರಿನಿಂದ ಬಂದ ಕಿಟಕಿ ಯಾವುದು ಎಂದು ತಿಳಿಯಲು ದೀಪ ಎಲ್ಲಿದೆ ಎಂದು ನೋಡಿದರೆ ಸಾಕು.

ಬೇರೆ ನಾಡಿನವರು ಇದೇ ವಸ್ತುವಿಗೆ ಇಟ್ಟ ಹೆಸರುಗಳು ಇಲ್ಲಿ ನೆನಪಾಗುತ್ತವೆ. ಈಜಿಪ್ಟಿನ ಕೈರೋದಲ್ಲಿ ಮನೆಯ ಮೇಲ್ಮಹಡಿಯಿಂದ ಬೀದಿಗೆ ಚಾಚಿದ ಮರದ ಜಾಲಿಗೆ ಮಶ್ರಬಿಯ್ಯಾ ಎಂದು ಹೆಸರು. ಕುಡಿಯುವುದು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಉರ್ದು ಬಲ್ಲವರಿಗೆ ಶರಬತ್ತು ನೆನಪಾದರೆ ಸಾಕು. ಗಾಳಿ ಬರುವ ಆ ಜಾಗದಲ್ಲಿ ನೀರಿನ ಮಡಕೆಗಳನ್ನಿಟ್ಟು ತಣ್ಣಗೆ ಮಾಡುತ್ತಿದ್ದರು. ಫ್ರೆಂಚರು ಇಂಥ ಕಿಟಕಿಯನ್ನು ಜಲೂಸಿ ಎಂದರು. ಕೇಳಲು ನಮ್ಮ ಜಾಲಿಯ ನೆಂಟನಂತಿದ್ದರೂ ಸಂಬಂಧವಿಲ್ಲ. ಅದರ ಅರ್ಥ ಹೊಟ್ಟೆಕಿಚ್ಚು, ಸಂಶಯ. ಹೆಂಡತಿಯನ್ನು ಯಾರೂ ನೋಡಬಾರದೆಂಬ ಗಂಡನ ಸಂಶಯ! ಅರಬರ ಹೆಸರಿನಲ್ಲಿ ತಣ್ಣೀರು, ಯುರೋಪಿನವರ ಹೆಸರಿನಲ್ಲಿ ಅನುಮಾನ. ಹಾಗಿದ್ದೂ ಲೋಕದ ಎದುರು ಹೆಣ್ಣನ್ನು ಜಾಲಿಯ ಹಿಂದೆ ಬಚ್ಚಿಟ್ಟವರೆಂಬ ಹೆಸರು ಬಂದದ್ದು ಯಾರಿಗೆ ಎಂದು ನಾನು ಹೇಳಬೇಕಾಗಿಲ್ಲ. ಇನ್ನೊಂದನ್ನೂ ನೋಡಿ. ಪಾರಸಿಯಲ್ಲಿ ಕಿಟಕಿಗೆ 'ಪಂಜರೆ' ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ಪಂಜರ. ಇರಾನಿನ ಹುಡುಗಿ 'ಪಂಜರೆ ತೆರೆ' ಎಂದರೆ ಗಾಳಿ ಬರಲಿ ಎಂದು ಅರ್ಥ.

ಕಿಟಕಿಯ ಹಿಂದೆ ಹೆಣ್ಣು ನಿಲ್ಲುವುದು ಮುಸ್ಲಿಮರ ಜೊತೆ ಬಂದ ಪದ್ಧತಿ ಎನ್ನುವವರು ಸಂಸ್ಕೃತ ಕಾವ್ಯವನ್ನು ಮರೆತಿದ್ದಾರೆ. ಕಾಳಿದಾಸನ 'ರಘುವಂಶ'ದ ಏಳನೆಯ ಸರ್ಗದಲ್ಲಿ ಅಜನ ಮೆರವಣಿಗೆ ಬರುವಾಗ, 'ಕುಮಾರಸಂಭವ'ದ ಏಳನೆಯ ಸರ್ಗದಲ್ಲಿ ಶಿವನ ದಿಬ್ಬಣ ಬರುವಾಗ, ಊರಿನ ಹೆಣ್ಣುಮಕ್ಕಳು ಅರ್ಧ ಅಲಂಕಾರದಲ್ಲೇ ಓಡಿಬಂದು ಗವಾಕ್ಷಗಳಿಗೆ ಮುಖವೊಡ್ಡಿ ನೋಡುತ್ತಾರೆ. ಅದನ್ನು ಓದುವಾಗ ನಮ್ಮ ವಿಮರ್ಶಕರು 'ಬಂಧನದ ಸಂಕೇತ' ಎನ್ನುವುದಿಲ್ಲ, ಶೃಂಗಾರ ಎನ್ನುತ್ತಾರೆ. ಕಿಟಕಿ ಅದೇ, ಕಣ್ಣೂ ಅದೇ. ಗವಾಕ್ಷವೆಂದರೆ ಗೋವಿನ ಕಣ್ಣು, ಇಂಗ್ಲಿಷಿನ ವಿಂಡೋ ಮೂಲದಲ್ಲಿ ಗಾಳಿಯ ಕಣ್ಣು. ಎಲ್ಲ ಭಾಷೆಗಳೂ ಕಿಟಕಿಯಲ್ಲಿ ಕಣ್ಣನ್ನು ಕಂಡಿರುವಾಗ ನಮ್ಮ ಕಥೆಯ ಕಿಟಕಿಯಲ್ಲಿ ಮಾತ್ರ ಬೀಗವನ್ನು ಕಾಣುವುದು ಓದಿನ ಸೋಮಾರಿತನ.

ಇಷ್ಟು ಹೇಳಿದ ಮೇಲೆ ನಾನು ಜಾಲಂಧ್ರದ ವಿರೋಧಿ ಎಂದು ಯಾರೂ ತಿಳಿಯಬಾರದು. ಸೊಗಸಾದ ಪದ. ಹೇಳುವಾಗ ನಾಲಿಗೆಯ ಮೇಲೆ ಸಣ್ಣದೊಂದು ಜಾಲ ನೇಯ್ದಂತಾಗುತ್ತದೆ. ಅದು ನನ್ನದೂ ಹೌದು, ಗುಂಬಜ್‌ನ ಕಿಟಕಿಯನ್ನು ಜಾಲಂಧ್ರವೆಂದು ಕರೆಯಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ. ನಾಳೆ ಬೇಲೂರಿನ ಮಾರ್ಗದರ್ಶಿಯೊಬ್ಬ ಶಾಲೆಯ ಮಕ್ಕಳಿಗೆ 'ಇದು ಕಲ್ಲಿನ ಜಾಲಿ, ನಿಮ್ಮ ಶಾಲೆಯ ವರಾಂಡದಲ್ಲಿ ಇರುತ್ತಲ್ಲ, ಅದರ ಅಜ್ಜಿ' ಎಂದರೆ ಚೆನ್ನಕೇಶವನಿಗೆ ಬೇಸರವಾಗಲಿಕ್ಕಿಲ್ಲ. ಮಕ್ಕಳಿಗೆ ಆ ಕ್ಷಣ ಎಲ್ಲ ಅರ್ಥವಾಗುತ್ತದೆ. ಕೇರಳದಲ್ಲಿ ಲಾರಿ ಬೇಕರ್ ಇದನ್ನೇ ಇಟ್ಟಿಗೆಯಲ್ಲಿ 'ಜಾಲಿ' ಎಂದು ಕರೆದು, ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರದಂಥ ಕಟ್ಟಡಗಳಲ್ಲಿ ಗೋಡೆಗೋಡೆಯನ್ನೇ ಜಾಲಿ ಮಾಡಿದರು. ಗಾಜು, ಸರಳು, ಕದ ಯಾವುದರ ಖರ್ಚೂ ಇಲ್ಲದೆ ಗಾಳಿ ಬೆಳಕು ಎರಡೂ ಸಿಕ್ಕವು. ಬ್ರಿಟನ್ನಿನಲ್ಲಿ ಹುಟ್ಟಿದ ಆ ವಾಸ್ತುಶಿಲ್ಪಿಗೆ ಈ ಪದದ ಜಾತಿ ಕೇಳುವ ಅಗತ್ಯ ಬೀಳಲಿಲ್ಲ.

ಕಡಕೊಳದಲ್ಲಿ ಏಳುತ್ತಿರುವ ಹೊಸ ಮನೆಗಳಿಗೆ ಈಗ ಜಾರುವ ಗಾಜಿನ ಕಿಟಕಿ, ಅದರ ಹಿಂದೆ ಸೊಳ್ಳೆಗೆಂದು ನೈಲಾನ್ ಬಲೆ. ಮಧ್ಯಾಹ್ನ ಗಾಜು ಕಾಯುತ್ತದೆ, ಪರದೆ ಎಳೆದು ಲೈಟು ಹಾಕಿ ಕೂರುತ್ತಾರೆ. ಹಳೆಯ ಮನೆಯೊಂದನ್ನು ಕೆಡವಿದಾಗ ತೇಗದ ಚೌಕಟ್ಟು, ದಾರಂದಗಳಿಗೆ ಕೂಡಲೇ ಗಿರಾಕಿ ಸಿಗುತ್ತದೆ. ಜಾಲಿಯನ್ನು ಕೇಳುವವರಿಲ್ಲ. ಅದು ಮಣ್ಣಿನ ಜೊತೆ ಟ್ರ್ಯಾಕ್ಟರ್ ಹತ್ತುತ್ತದೆ. ವಸ್ತು ಹೋದ ಮೇಲೆ ಪದ ಬಹಳ ದಿನ ನಿಲ್ಲುವುದಿಲ್ಲ. ಜಾಲಂಧ್ರಕ್ಕೆ ಆಗಲೇ ಹಾಗಾಗಿದೆ. ಜಾಲಿಯಾದರೂ ಸಿಮೆಂಟಿನಲ್ಲಿ ಜೀವ ಹಿಡಿದುಕೊಂಡಿದೆ.

ನನ್ನ ಮುಂದಿನ ಸಂಕಲನದ ಕರಡು ತಿದ್ದುತ್ತಿದ್ದೇನೆ. ಮಂಡಿ ಮೊಹಲ್ಲಾದ ಆ ಕಥೆ ಅದರಲ್ಲಿಯೂ ಇದೆ. ನಾನಿ ಮೊಮ್ಮಗಳಿಗೆ ಹೇಳುವ ಮಾತಿನ ಮೇಲೆ ಚುಕ್ಕಿ ಇರಬಾರದೆಂದು ಪ್ರಕಾಶಕರಿಗೆ ಬರೆದಿದ್ದೇನೆ. ಇನ್ನೊಂದು ಕಥೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಬೇಲೂರಿನ ಬಗ್ಗೆ ಮಾತಾಡುತ್ತಾ 'ಜಾಲಂಧ್ರ' ಎನ್ನುತ್ತಾರೆ. ಅರ್ಥ ಕೊಡಲೇಬೇಕೆಂದಿದ್ದರೆ ಆ ಪುಟದ ಕೆಳಗೆ ಕೊಡಿ, 'ಜಾಲಂಧ್ರ: ಜಾಲಿ' ಎಂದು.